ಸಟವಿಗೆ ದಾರಿ ಹೇಳಲು ಕುಳಿತ ಶಿವಯೋಗಿಗಳು

ಕೃಷ್ಣೆಯ ಬಡಗಣ ದಂಡೆಯಲ್ಲಿ ಬಿಳಿದಿನ್ನಿ ಎಂಬ ಊರು. ಊರಿನಿಂದ ಕೂಗಳತೆಯ ದೂರದಲ್ಲಿ, ಹೊಳೆಗೆ ಮುಖಮಾಡಿ ಎರಡು ಅಂಕಣದ ಮಣ್ಣಿನ ಮಠ. ಮಠವೆಂದೊಡನೆ ಕಲ್ಲಿನ ಕಂಬ, ಬೆಳ್ಳಿಯ ಪಾದುಕೆ, ಪಲ್ಲಕ್ಕಿ ಎಂದೆಲ್ಲ ಕಣ್ಣಮುಂದೆ ತಂದುಕೊಳ್ಳಬೇಡಿ. ಒಂದು ಒಲೆ, ಒಂದು ಹರಿವಾಣ, ಹಾಸಲು ಗೋಣಿತಟ್ಟು, ಹೊದೆಯಲು ಒಂದು ಕಂಬಳಿ, ಅಲ್ಲಿಯ ಐಶ್ವರ್ಯ ಇಷ್ಟೇ. ಪೂಜ್ಯ ಶ್ರೀ ಗುರುಪಾದ ಶಿವಯೋಗಿಗಳು ಇಪ್ಪತ್ತೆರಡು ವರ್ಷ ಅಲ್ಲಿ ವಾಸವಾಗಿದ್ದರು. ಈ ಪ್ರಸಂಗ ನಡೆದ ಮಧ್ಯಾಹ್ನ ಅವರು ಮಠದೊಳಗೆ ಇರಲೂ ಇಲ್ಲ. ಹೊಳೆದಂಡೆಯ ಮರಳಿನಲ್ಲಿ ಮಂಡಿಯೂರಿ, ಹರಿಗೋಲಿನ ಹರಿದ ತೊಗಲಿಗೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದರು.

ಸ್ವಾಮಿಗಳಾದವರು ಎಮ್ಮೆಯ ತೊಗಲು ಮುಟ್ಟುವುದೇ ಎಂದು ಮೊದಮೊದಲು ಊರಲ್ಲಿ ಗುಸುಗುಸು ಎದ್ದಿತ್ತು. ಅಂದವರೇನು ಸಾಮಾನ್ಯರೇ? ಮಡಿವಂತರು, ದೊಡ್ಡ ಮನೆಯವರು. ಅಂದವರೆಲ್ಲ ಮರುದಿನ ಅದೇ ಹರಿಗೋಲಿನಲ್ಲಿ, ಅದೇ ತೊಗಲಿನ ಮೇಲೆ ಕಾಲು ಮಡಚಿ ಕೂತು ದಾಟಿ ಹೋದರು ನೋಡಿ! ಶಿವಯೋಗಿಗಳು ದಬ್ಬಣಕ್ಕೆ ಎಣ್ಣೆ ಸವರಿ ಮುಂದಿನ ಹೊಲಿಗೆ ಹಾಕಿದರು.

ಇಬ್ಬರು ಅರಸರಿಗೆ ಜಗಳ ಹತ್ತಿತ್ತು. ಅವರ ಹೆಸರು ನಾನು ಹೇಳುವುದಿಲ್ಲ. ಅರಸರ ಹೆಸರು ಹೇಳಲು ಬೇರೆ ಜನ ಇದ್ದಾರೆ, ಅದಕ್ಕೆ ಜಹಗೀರು ತಿಂದವರು. ಬಡಗಣ ದಂಡು ಇಳಿದು ಬರುತ್ತಿತ್ತು, ತೆಂಕಣ ದಂಡು ಹಿಂದೆ ಸರಿಯುತ್ತ ದಾರಿಯ ಬಾವಿಗಳಿಗೆ ಕಳ್ಳಿಯ ಹಾಲು ಸುರಿದು ಹೋಗಿತ್ತು. ನಡುವೆ ಸಿಕ್ಕ ರೈತರನ್ನು ಈ ಕಡೆಯವರೂ ಬಡಿದರು, ಆ ಕಡೆಯವರೂ ಬಡಿದರು. ದಸರೆಯ ಬನ್ನಿ ಮುಡಿದು ಎಂಟೇ ದಿನವಾಗಿತ್ತು. ಹೊಲದಲ್ಲಿ ಜೋಳ ಮೊಳಕಾಲುದ್ದ ನಿಂತಿತ್ತು. ಅದನ್ನು ಬಿಟ್ಟು ಹೋಗಿರಿ ಎಂದರೆ ಯಾವ ಒಕ್ಕಲಿಗನ ಕಾಲು ಏಳುತ್ತದೆ, ನೀವೇ ಹೇಳಿ.

ಶಿವಯೋಗಿಗಳು ಜನರನ್ನು ಎಬ್ಬಿಸಿದರು. ಅಂಬಿಗರ ಜಟ್ಟೆಪ್ಪನೂ ಅವನ ಓಣಿಯ ನಾಲ್ವರೂ ಐದು ಹರಿಗೋಲು ತಂದರು. ನೇಕಾರರು, ಕ್ಷೌರಿಕರು, ಮಠದ ಹಿಟ್ಟು ಬೀಸುವ ಹೆಂಗಸರು, ಹೀಗೆ ಹದಿನೈದು ಮಂದಿ ಯಾರೂ ಕರೆಯದೆ ಬಂದು ನಿಂತರು. ಆಚೆ ದಂಡೆಯ ತುಂಬರಗಿಯವರು ದಿನಾಲು ಗೋಣಿಗಟ್ಟಲೆ ಕಟಕರೊಟ್ಟಿ ಕಳಿಸಿದರು. ಇಪ್ಪತ್ತು ದಿನಗಳಲ್ಲಿ ಏಳು ಊರಿನ ಜನ ದಾಟಿದರು. ನಡೆಯಲಾರದವರು ಮೊದಲು, ನಡೆಯುವವರು ಆಮೇಲೆ, ತಲೆಯ ಮೇಲೆ ಹೊರುವಷ್ಟೇ ಗಂಟು, ಇದು ಶಿವಯೋಗಿಗಳ ಕಟ್ಟಪ್ಪಣೆ. ಆದರೂ ನಮ್ಮ ಹೆಣ್ಣುಮಕ್ಕಳು ಬಿಟ್ಟಾರೆಯೇ? ಸೀರೆಯ ಗಂಟಿನಲ್ಲಿ ಬೀಸುವ ಕಲ್ಲಿನ ಮೇಲಿನ ಪಾಳಿಯನ್ನು ಅಡಗಿಸಿ ತರುತ್ತಿದ್ದರು! ಒಮ್ಮೆ ಹರಿಗೋಲು ಒಂದೇ ಕಡೆ ವಾಲಿದಾಗ ಜಟ್ಟೆಪ್ಪ ಗಂಟುಗಳನ್ನೆಲ್ಲ ಬಿಚ್ಚಿಸಿ ನೋಡಿದ. ಮೂರು ಮನೆಯ ಬೀಸುಕಲ್ಲು. ಅವನು ಹಣೆ ಹಣೆ ಬಡಿದುಕೊಂಡ.

ಆ ಮಧ್ಯಾಹ್ನ ಕುರುಬನೊಬ್ಬ ಏದುಸಿರು ಬಿಡುತ್ತ ಓಡಿ ಬಂದ. ಎರಡು ಹರದಾರಿ ದೂರದ ಗುಡ್ಡದ ಕೆಳಗೆ ಕುದುರೆಗಳು ನೀರು ಕುಡಿಯುತ್ತಿವೆ, ನಾಳೆ ಉಣ್ಣುವ ಹೊತ್ತಿಗೆ ದಂಡು ಇಲ್ಲಿರುತ್ತದೆ ಎಂದ. ಜಟ್ಟೆಪ್ಪ ಸೂರ್ಯನನ್ನು ನೋಡಿದ, ಹೊಳೆಯನ್ನು ನೋಡಿದ.

“ಅಜ್ಜಾರ, ಹೊತ್ತು ಮುಣಗೂದರಾಗ ಕಡೀ ಸುತ್ತು ಹೊಡದ ಬಿಡೂನ್ರಿ. ನಾಳೆ ನೀರ ಮ್ಯಾಲ ಯಾರ ಕಂಡ್ರೂ ಬಂದೂಕ ಹಾರಸ್ತಾರ. ನೀವೂ ಇದರಾಗ ಬರಬೇಕ್ರಿ ಮತ್ತ. ಇಲ್ಲ ಅನಬ್ಯಾಡ್ರಿ.”

“ಬರತೀನಿ” ಎಂದರು ಶಿವಯೋಗಿಗಳು. “ಊರಾಗ ಯಾರು ಉಳದಾರ?”

ಜಟ್ಟೆಪ್ಪ ಬಾಯಿ ತೆರೆದು ಮುಚ್ಚಿದ. ಉಳಿದದ್ದು ಒಂದೇ ಮನೆ, ಅದು ತಂಗೆವ್ವನ ಮನೆ. ಆ ಹೆಸರನ್ನು ಶಿವಯೋಗಿಗಳ ಮುಂದೆ ಎತ್ತಲು ಮೂರು ವರ್ಷದಿಂದ ಊರಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅದೇಕೆಂದು ಹೇಳಲೇಬೇಕು. ತಂಗೆವ್ವ ಗಂಡ ತೀರಿದ ಹೆಣ್ಣುಮಗಳು. ಮಗಳು ಬಾಳವ್ವ ಒಬ್ಬಳೇ. ಆ ಮಗಳ ಮೊದಲನೆಯ ಕೂಸು ಮೂರನೆಯ ದಿನ ಕಣ್ಣು ಮುಚ್ಚಿತು. ಎರಡನೆಯದು ಹುಟ್ಟಿದಾಗ ತಂಗೆವ್ವ ಮಠಕ್ಕೆ ಓಡಿ ಬಂದು, ಶಿವಯೋಗಿಗಳ ಪಾದ ಹಿಡಿದು, ವಿಭೂತಿ ಇಸಿದುಕೊಂಡು ಹೋಗಿ ಕೂಸಿನ ಹಣೆಗೆ ಹಚ್ಚಿದಳು. ಐದನೆಯ ದಿನದ ಐದೇಶಿಯನ್ನೂ ಕಟ್ಟುನಿಟ್ಟಾಗಿ ಮಾಡಿದಳು. ನಮ್ಮ ಸೀಮೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದನೆಯ ದಿನ ರಾತ್ರಿ ಸಟವಿ ತಾಯಿ ಬಾಣಂತಿಯ ಕೋಣೆಗೆ ಬಂದು ಕೂಸಿನ ಹಣೆಯ ಮೇಲೆ ಆಯುಷ್ಯ ಬರೆಯುತ್ತಾಳೆ. ಅವಳಿಗೆಂದು ಹಾಳೆ, ಲೆಕ್ಕಣಿಕೆ, ಮಸಿ ಇಟ್ಟು ದೀಪ ಹಚ್ಚುತ್ತಾರೆ. ಆ ರಾತ್ರಿ ತಂಗೆವ್ವನ ಮನೆಯ ದೀಪ ಗಾಳಿಗೆ ಆರಿತು. ಹತ್ತನೆಯ ದಿನ ಕೂಸು ಹೋಯಿತು. ತಂಗೆವ್ವ ಉಳಿದ ವಿಭೂತಿಯನ್ನು ತಂದು ಮಠದ ಹೊಸ್ತಿಲಿಗೆ ಚೆಲ್ಲಿ ತಿರುಗಿ ಹೋದಳು. ಅಂದಿನಿಂದ ಅವಳು ಮಠದ ದಿಕ್ಕಿಗೆ ತಲೆ ಹಾಕಿದವಳಲ್ಲ.

ಈಗ ಮೂರನೆಯ ಕೂಸು. ಹೆಣ್ಣು. ಹುಟ್ಟಿ ಅಂದಿಗೆ ನಾಲ್ಕನೆಯ ದಿನ. ಅಳಿಯನನ್ನು ದಂಡಿನವರು ಬಿಟ್ಟಿ ಬಂಡಿ ಹೊಡೆಯಲು ಹಿಡಿದೊಯ್ದು ತಿಂಗಳಾಗಿತ್ತು. ಬಾಳವ್ವನಿಗೆ ರಕ್ತ ಹೋಗಿ ಮೈ ಅರಿಸಿನದ ಕೊಂಬಿನಂತೆ ಹಳದಿಯಾಗಿತ್ತು. ಸೇವೆಗೆ ನಿಂತವರು ಎರಡು ಸಲ ಹೋಗಿ ಕರೆದರು. ತಂಗೆವ್ವ ಬಾಗಿಲ ಚಿಲಕ ತೆಗೆಯಲಿಲ್ಲ. ನಾಳೆ ಐದೇಶಿ ಆಗುವತನಕ ಈ ಕೋಣೆಯಿಂದ ಕೂಸು ಹೊರಬೀಳುವುದಿಲ್ಲ, ದಂಡು ಬರಲಿ ಯಮನೇ ಬರಲಿ, ಎಂದಳು.

ಜಟ್ಟೆಪ್ಪ ಹೇಳದ ಹೆಸರನ್ನು ತಿಳಿದುಕೊಂಡ ಶಿವಯೋಗಿಗಳು ದಬ್ಬಣವನ್ನು ಅವನ ಕೈಗಿತ್ತು ಎದ್ದರು. ಮೊದಲೇ ನಾಲ್ಕು ಮಂದಿಗೆ ಹೊರಸು ಹೊತ್ತು ತರಲು ಹೇಳಿದರು. ಬಾಣಂತಿಯನ್ನು ಹೊರಲು ಹೊರಸು ಬೇಕೇ ಬೇಕು. ಒಪ್ಪುವಳೋ ಇಲ್ಲವೋ ಎಂಬುದು ಆಮೇಲಿನ ಮಾತು.

ಊರಿನ ಬೀದಿ ಬಿಕೋ ಎನ್ನುತ್ತಿತ್ತು. ಬಾಗಿಲುಗಳು ಹಾರುಹೊಡೆದಿದ್ದವು. ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು, ಅದು ಬೊಗಳಲೂ ಇಲ್ಲ. ಬಡಗಣ ದಿಕ್ಕಿನಲ್ಲಿ ಎಲ್ಲೋ ತೋಪು ಹಾರಿದ ಸಪ್ಪಳ ನೆಲದೊಳಗಿಂದ ಬಂದಂತೆ ಬಂತು. ಹೊರಸು ಹೊತ್ತ ನಾಲ್ವರಲ್ಲಿ ಒಬ್ಬನಾದ ನೇಕಾರ ಹೆಗಲು ಬದಲಿಸಿ ಹೆಜ್ಜೆ ಚುರುಕು ಮಾಡಿದ. ಹೊತ್ತು ಇಳಿಯುತ್ತಿತ್ತು. ಶಿವಯೋಗಿಗಳು ಮಾತ್ರ ಓಡಲಿಲ್ಲ, ನಿಲ್ಲಲೂ ಇಲ್ಲ, ಒಂದೇ ನಡಿಗೆಯಲ್ಲಿ ತಂಗೆವ್ವನ ಬಾಗಿಲಿಗೆ ಬಂದು ಕೂಗಿದರು.

“ತಂಗೆವ್ವ, ನಾನು.”

ಒಳಗೆ ಚಿಲಕ ತೆಗೆದದ್ದು ಕೇಳಿಸಿತು. ತಂಗೆವ್ವ ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಕುಡಗೋಲು ಇತ್ತು. ಬಾಣಂತಿಯ ತಲೆದೆಸೆಗೆ ಇಡುವ ಕುಡಗೋಲೇ ಅದು, ಬಾಗಿಲಲ್ಲಿ ಕೂಗಿದ ಗಾಬರಿಗೆ ಕೈಗೆ ಬಂದಿತ್ತು.

“ಬಂದ್ರೇನ್ರಿ? ಬರ್ರಿ. ನಿಮ್ಮ ಬೂದಿ ನಂಬಿ ಒಂದ ಕೂಸು ಮಣ್ಣಾಗ ಇಟ್ಟ ಬಂದೀನಿ. ಇದೂ ಹೋಗಲಿ ಅಂತ ಹೇಳಾಕ ಬಂದೀರೇನು?”

ಹೊರಸು ಹೊತ್ತವರು ನಾಲಗೆ ಕಚ್ಚಿಕೊಂಡರು. ಅಂಥ ಮಹಾತ್ಮರಿಗೆ ಅಂಥ ಮಾತು! ನಾನು ಅಲ್ಲಿದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ, ಅಂದು ಆಮೇಲೆ ನಾಚುತ್ತಿದ್ದೆ. ಶಿವಯೋಗಿಗಳು ಕೈ ಮುಗಿದರು.

“ಖರೆ ಐತವ್ವ. ನಾ ಕೊಟ್ಟದ್ದು ಉಳಸಲಿಲ್ಲ.”

ಇದನ್ನು ತಂಗೆವ್ವ ನಿರೀಕ್ಷಿಸಿರಲಿಲ್ಲ. ಸಮಾಧಾನ ಹೇಳುತ್ತಾರೆ, ಕರ್ಮ ಎನ್ನುತ್ತಾರೆ, ಶಿವನಿಚ್ಛೆ ಎನ್ನುತ್ತಾರೆ ಎಂದುಕೊಂಡಿದ್ದಳು. ಅಂದಿದ್ದರೆ ಬಾಗಿಲು ಮುಚ್ಚುತ್ತಿದ್ದಳು. ಕುಡಗೋಲು ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ಬಾಯಿ ಮಾತ್ರ ನಿಲ್ಲಲಿಲ್ಲ.

“ನಾ ಹುಚ್ಚಿ ಅಲ್ಲರಿ. ದಂಡಿನವರು ಏನ ಮಾಡ್ತಾರಂತ ನನಗೂ ಗೊತ್ತೈತಿ. ಎರಡ ದಿನದಿಂದ ನನಗ ಒಂದ ತುತ್ತ ಇಳದಿಲ್ಲ. ಆದ್ರ ನಾಳೆ ಸಟವಿ ಬರತಾಳ. ಈ ಮನೀಗೇ ಬರತಾಳ. ಇಲ್ಲೇ ಹೆತ್ತಾಳ ನನ್ನ ಮಗಳು, ಇಲ್ಲೇ ಹೊಕ್ಕಳ ಹುರಿ ಕೊಯ್ದೀವಿ. ಆಕಿ ಬಂದು ನೋಡ್ತಾಳ, ಕೋಣಿ ಖಾಲಿ. ಹೊಳಿ ಆಚೆ ಯಾರದೋ ದನದ ಕೊಟಿಗ್ಯಾಗ ಕೂಸೈತಿ ಅಂತ ಆಕಿಗೆ ಯಾರ ಹೇಳಬೇಕ್ರಿ? ಬರೀಲಾರದ ಹೋದ್ರ? ಆಯುಷ್ಯ ಇಲ್ಲದ ಕೂಸನ್ನ ದಾಟಿಸಿ ಏನ ಮಾಡ್ಲಿ ನಾನು?”

ಒಳಗಿನಿಂದ ಕೂಸಿನ ಕುಂಯ್‌ಗುಟ್ಟುವಿಕೆ ಕೇಳಿಸಿತು, ಬಾಳವ್ವ “ಯವ್ವಾ” ಎಂದು ಕ್ಷೀಣವಾಗಿ ಕರೆದಳು. ಕೋಣೆಯಲ್ಲಿ ತೊಳೆದ ಒಳಕಲ್ಲಿನ ಮೇಲೆ ಹಾಳೆ, ಲೆಕ್ಕಣಿಕೆ, ಮಸಿಯ ಕುಡಿಕೆ ಆಗಲೇ ಸಿದ್ಧವಾಗಿದ್ದವು. ಊರ ಲೆಕ್ಕ ಬರೆಯುವ ಕುಲಕರ್ಣಿಯವರು ಊರು ಬಿಡಲು ಬಂಡಿ ಕಟ್ಟುತ್ತಿದ್ದಾಗ ಅವರ ಎತ್ತಿನ ಮುಂದೆ ಅಡ್ಡ ನಿಂತು ಇಸಿದುಕೊಂಡು ಬಂದದ್ದು. ಈ ಸಲ ಗಾಳಿ ಹೊಗದಂತೆ ಗವಾಕ್ಷಿಗೆ ಸಗಣಿ ಮೆತ್ತಿದ್ದಳು.

ಅಲ್ಲಿದ್ದಿದ್ದರೆ, ಸಟವಿ ಎಂಬುದೆಲ್ಲ ಮೂಢನಂಬಿಕೆ ಎಂದು ನಮ್ಮಲ್ಲಿ ಎಷ್ಟೋ ಮಂದಿ ಅನ್ನುತ್ತಿದ್ದರು. ಸಟವಿ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾಳೆ ಎಂದು ಇನ್ನಷ್ಟು ಮಂದಿ ಉಪದೇಶಿಸುತ್ತಿದ್ದರು. ಎರಡೂ ಸುಲಭದ ಮಾತು. ಎರಡು ಕೂಸು ಕಳೆದುಕೊಂಡವಳ ಕಿವಿಗೆ ಅವೆರಡೂ ಹೋಗುವುದಿಲ್ಲ. ಶಿವಯೋಗಿಗಳು ಕೋಣೆಯನ್ನು ಒಮ್ಮೆ ನೋಡಿದರು, ಹೊಸ್ತಿಲನ್ನು ನೋಡಿದರು, ಅಲ್ಲಿಯೇ ಪದ್ಮಾಸನ ಹಾಕಿ ಕುಳಿತುಬಿಟ್ಟರು.

“ನಾ ಇಲ್ಲೇ ಕೂಡತೀನಿ. ಆಕಿ ಬಂದ್ರ, ಹೊಳಿ ದಾಟ್ಯಾರ, ತುಂಬರಗ್ಯಾಗ ಅದಾರ ಅಂತ ನಾ ಹೇಳತೀನಿ. ನೀ ಹೋಗು.”

ನೇಕಾರ ಹೊರಸು ಕೆಳಗಿಟ್ಟು “ಅಜ್ಜಾರ!” ಎಂದ.

“ನಾಳೆ ದಂಡು ಬರತೈತ್ರಿ” ಎಂದಳು ತಂಗೆವ್ವ. ಅವಳ ಧ್ವನಿ ಬೇರೆಯಾಗಿತ್ತು.

“ಬರತೈತಿ.”

“ನಿಮ್ಮನ್ನ ಕೊಂದ್ರ?”

“ಆಕಿ ಬರೂತನಕ ಇರಬೇಕು ಅಂತ ಬೇಡ್ಕೋತೀನಿ. ಹೊತ್ತಾಗೇತಿ, ತಾಯಿ. ಮಗಳನ್ನ ಎಬ್ಬಸು.”

ಇಷ್ಟೇ. ತಂಗೆವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ಮೂರು ವರ್ಷದಿಂದ ಕಟ್ಟಿಕೊಂಡಿದ್ದ ಸಿಟ್ಟಿಗೆ ಈಗ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಹೊರಗೆ ಮತ್ತೆ ತೋಪು ಹಾರಿತು, ಜಂತಿಯಿಂದ ಮಣ್ಣು ಉದುರಿ ಬಾಳವ್ವನ ಹೊದಿಕೆಯ ಮೇಲೆ ಬಿತ್ತು. ಆಗ ತಂಗೆವ್ವ ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿ, ಕೂಸನ್ನು ಮೊರದಲ್ಲಿ ಮಲಗಿಸಿ, ಮೇಲೆ ತನ್ನ ಹಳೆಯ ಸೀರೆ ಹೊದಿಸಿ, “ಹೊರ್ರೆಪಾ, ನನ್ನ ಮಗಳನ್ನ ಹೊರ್ರಿ” ಎಂದಳು. ಹೊಸ್ತಿಲು ದಾಟುವಾಗ ಶಿವಯೋಗಿಗಳನ್ನು ತುಳಿಯದಂತೆ ಕಾಲೆತ್ತಿ ದಾಟಿದಳು. ನಮಸ್ಕಾರ ಮಾಡಲಿಲ್ಲ. ಮಾಡಲು ಕೈ ಖಾಲಿ ಇರಲಿಲ್ಲ, ಮನಸ್ಸು ಸಿದ್ಧವಿತ್ತೋ ಇಲ್ಲವೋ ಶಿವನೇ ಬಲ್ಲ.

ದಂಡೆಯಲ್ಲಿ ಜಟ್ಟೆಪ್ಪ ಸುದ್ದಿ ಕೇಳಿ ಕೂಗಾಡಿದ. ಹೋಗಿ ಎತ್ತಿಕೊಂಡು ಬರತೀನಿ ಎಂದು ಹೊರಟ. ನೇಕಾರ ತಡೆದ. ಅಜ್ಜಾರು ಕೂತರೆಂದರೆ ಕೂತರು, ನಿನಗೆ ಅವರು ಗೊತ್ತಿಲ್ಲವೇ ಎಂದ. ಗೊತ್ತಿತ್ತು. ಗೊತ್ತಿದ್ದುದಕ್ಕೇ ಜಟ್ಟೆಪ್ಪನ ಕಣ್ಣಲ್ಲಿ ನೀರು ಬಂತು.

ಹೊಳೆ ಇಳಿಯುತ್ತಿದ್ದರೂ ಸೆಳೆತ ಇತ್ತು. ನಡುನೀರಿನಲ್ಲಿ ಹರಿಗೋಲು ಗರಗರ ಎರಡು ಸುತ್ತು ತಿರುಗಿತು. ಬಾಳವ್ವ ಕಣ್ಣು ಮೇಲೆ ಮಾಡಿದಳು. ಕೂಸು ಅಳುತ್ತಲೂ ಇಲ್ಲ, ಅದೇ ಹೆಚ್ಚಿನ ಹೆದರಿಕೆ. ತಂಗೆವ್ವ ಮೊರದ ಮೇಲೆ ಬಾಗಿ ಕೂಸಿನ ಮೂಗಿಗೆ ಬೆರಳಿಟ್ಟು ಉಸಿರು ನೋಡುವುದು, ಮಗಳ ಕೆನ್ನೆ ತಟ್ಟುವುದು, ಮತ್ತೆ ಕೂಸಿನ ಮೂಗಿಗೆ ಬೆರಳಿಡುವುದು, ಇದನ್ನೇ ಆಚೆ ದಂಡೆ ಮುಟ್ಟುವವರೆಗೆ ಮಾಡಿದಳು. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದರೆ ಏನು ಕಂಡೀತೋ ಎಂಬ ಭಯವಿತ್ತು ಎಂದು ಆಮೇಲೆ ಅವಳೇ ಹೇಳಿದಳಂತೆ.

ತುಂಬರಗಿಯ ತಾಯಂದಿರು ಪುಣ್ಯವಂತರು. ದನದ ಕೊಟ್ಟಿಗೆ ಬಳಿದು, ಬಿಸಿನೀರು ಕಾಯಿಸಿ, ಬಾಳವ್ವನಿಗೆ ಬಾಣಂತಿಯರಿಗೆ ಕೊಡುವ ಅಳವಿ ಬೀಜದ ಪಾಯಸ ಕುಡಿಸಿದರು. ಬೆಳಗಾಗುವಷ್ಟರಲ್ಲಿ ಅವಳ ಮೈಗೆ ಕಾವು ಬಂತು, ಕೂಸು ಮೊಲೆಗೆ ಬಾಯಿ ಹಾಕಿತು. ಐದನೆಯ ದಿನ. ಹೆಂಗಸರು ಒಬ್ಬರ ಮನೆಯಿಂದ ಹಾಳೆ, ಇನ್ನೊಬ್ಬರ ಮನೆಯಿಂದ ಲೆಕ್ಕಣಿಕೆ ತಂದು ಕೂಡಿಸಿದರು. ತಂಗೆವ್ವ ಮಾತ್ರ ಕೊಟ್ಟಿಗೆಯಲ್ಲಿ ನಿಲ್ಲಲಾರಳು, ದಂಡೆಯಲ್ಲಿ ನಿಲ್ಲಲಾರಳು. ಹೋಗುವುದು, ಬರುವುದು.

ಉಣ್ಣುವ ಹೊತ್ತಿಗೆ ಆಚೆ ದಂಡೆಯಲ್ಲಿ ಧೂಳು ಎದ್ದಿತು. ಕುದುರೆಗಳು ಹೊಳೆಯಂಚಿನವರೆಗೆ ಬಂದು ತಿರುಗಿದವು. ಸ್ವಲ್ಪ ಹೊತ್ತಿಗೆ ಊರಿನ ನಡುವಿನಿಂದ ಹೊಗೆ ಎದ್ದಿತು, ಮೊದಲು ಒಂದು ಕಡೆ, ಆಮೇಲೆ ನಾಲ್ಕೈದು ಕಡೆ. ದಂಡೆಯಲ್ಲಿ ನಿಂತವರು ತಮ್ಮ ತಮ್ಮ ಮನೆಯ ದಿಕ್ಕನ್ನು ಗುರುತಿಸಿ ಎದೆ ಬಡಿದುಕೊಂಡರು. ಹನುಮಪ್ಪನ ಗುಡಿಯ ಎಡಗಡೆಯ ಹೊಗೆ ಯಾರ ಓಣಿಯದು ಎಂದು ತಂಗೆವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ನನ್ನ ಓಣಿ” ಎಂದಳು. ಮನೆ ಹೋಯಿತೆಂದು ಅವಳು ಅಳಲಿಲ್ಲ. “ಹೊಸ್ತಿಲ ಮ್ಯಾಲೆ ಕೂತಾರ” ಎಂದಳು. ಇನ್ನೊಮ್ಮೆ “ಹೊಸ್ತಿಲ ಮ್ಯಾಲೆ ಕೂತಾರ” ಎಂದು ಮರಳಿನಲ್ಲಿ ಕುಸಿದಳು.

ಇಳಿಹೊತ್ತಿಗೆ ಧೂಳು ಪಡುವಣದ ಕಡೆ ಸರಿಯಿತು. ದಂಡು ಮುಂದೆ ಹೋಯಿತೋ, ಹಿಂದಿನ ತುಕಡಿ ಇನ್ನೂ ಬರುವುದಿದೆಯೋ ತಿಳಿಯದು. ಆಗ ತಂಗೆವ್ವ ಎದ್ದು ಜಟ್ಟೆಪ್ಪನ ಮುಂದೆ ನಿಂತಳು.

“ಹರಿಗೋಲ ಇಳಸು.”

“ಹುಚ್ಚ ಹಿಡದೇತೇನಬೇ ನಿನಗ? ಇನ್ನಾ ಕುದರಿ ಸಪ್ಪಳ ಕೇಳಾಕ ಹತ್ತೇತಿ. ಕತ್ತಲಾಗಲಿ, ನಾ ಒಬ್ಬನ ಹೋಗಿ ಬರತೀನಿ.”

“ಕತ್ತಲಾಗೂತನಕ ಅವರು ಅಲ್ಲೇ ಕೂತಿರಬೇಕೇನು? ಯಾರ ಸಲುವಾಗಿ ಕೂತಾರ? ನಿನ್ನ ಸಲುವಾಗೇನು?”

ತುಂಬರಗಿಯ ಮುದುಕಿಯೊಬ್ಬಳು ಅವಳ ಸೆರಗು ಹಿಡಿದಳು. “ತಂಗೀ, ಇವತ್ತ ಐದೇಶಿ. ದೀಪ ಹಚ್ಚೂ ಹೊತ್ತಿಗೆ ನೀ ಇರಬೇಕಲ್ಲ. ನಿನ್ನ ಮೊಮ್ಮಗಳದು ಐತಿ” ಎಂದಳು. ತಂಗೆವ್ವ ಒಂದು ಕ್ಷಣ ನಿಂತಳು. ಕೊಟ್ಟಿಗೆಯ ಕಡೆ ನೋಡಿದಳು. ಒಳಗೆ ಕೂಸು ಚೀರಿ ಅಳುತ್ತಿತ್ತು, ಹಸಿದ ಕೂಸಿನ ಜಬರದಸ್ತು ಅಳು. ಸೆರಗು ಬಿಡಿಸಿಕೊಂಡು ನೇರವಾಗಿ ಹೋಗಿ, ಮಗುಚಿ ಹಾಕಿದ್ದ ಹರಿಗೋಲಿನ ಅಂಚಿಗೆ ಕೈಹಾಕಿ ಎಳೆಯತೊಡಗಿದಳು. ಮೂರು ದಿನದಿಂದ ಉಂಡಿರದ ಹೆಂಗಸು! ಅದು ಅಲುಗಿದ್ದೇ ಆಶ್ಚರ್ಯ. ಜಟ್ಟೆಪ್ಪ ಅವಳನ್ನೂ ತನ್ನ ಹಣೆಬರಹವನ್ನೂ ಕೂಡಿಯೇ ಬೈಯುತ್ತ ಹುಟ್ಟು ಎತ್ತಿಕೊಂಡ.

ನಡುನೀರಿನಲ್ಲಿದ್ದಾಗ ಆಚೆ ಎಲ್ಲಿಯೋ ಬಂದೂಕು ಹಾರಿತು. ಜಟ್ಟೆಪ್ಪ ತಲೆ ತಗ್ಗಿಸಿದ. ತಂಗೆವ್ವ ತಗ್ಗಿಸಲಿಲ್ಲ, ಬಹುಶಃ ಕೇಳಿಸಲೇ ಇಲ್ಲ. ದಂಡೆ ಮುಟ್ಟುವ ಮೊದಲೇ ಮೊಳಕಾಲು ನೀರಿಗೆ ಇಳಿದು ಓಡಿದಳು. ಮಠದ ಮಾಳಿಗೆ ಕುಸಿದಿತ್ತು. ಬೀದಿಯಲ್ಲಿ ನೆಲದೊಳಗಿನ ಹಗೇವುಗಳನ್ನು ಅಗೆದು ಜೋಳ ಚೆಲ್ಲಾಡಿದ್ದರು. ಕಟ್ಟೆಯ ಮೇಲಿನ ನಾಯಿ ಸತ್ತು ಬಿದ್ದಿತ್ತು. ಸುಟ್ಟ ಮೇವಿನ ಹೊಗೆ ಕಣ್ಣಿಗೆ ಹೊಕ್ಕು ಅವಳಿಗೆ ತನ್ನ ಓಣಿಯೇ ಗುರುತು ಸಿಗಲಿಲ್ಲ, ಒಮ್ಮೆ ದಾಟಿ ಹೋಗಿ ಮತ್ತೆ ತಿರುಗಿ ಬಂದಳು.

ಕೀರ್ತನೆ ಮಾಡುವವರು ಇಲ್ಲಿ ಕೆಂಪು ರುಮಾಲು ಸರಿಮಾಡಿಕೊಂಡು ದನಿ ಏರಿಸುತ್ತಾರೆ. ಬೆಂಕಿ ಶಿವಯೋಗಿಗಳ ಸುತ್ತ ಹೂವಿನ ಮಾಲೆಯಾಯಿತು, ದಂಡಿನ ಸರದಾರ ಕುದುರೆಯಿಂದ ಬಿದ್ದು ಪಾದ ಹಿಡಿದ ಎಂದೆಲ್ಲ ಹಾಡುತ್ತಾರೆ. ಭಕ್ತರೇ, ಅದು ಸುಳ್ಳು. ಆ ಕೂಸೇ ಬೆಳೆದು, ಮೊಮ್ಮಕ್ಕಳನ್ನು ಆಡಿಸಿ, ಹಲ್ಲುದುರಿದ ಮೇಲೆ ತನ್ನ ಅಜ್ಜಿಯ ಬಾಯಿಂದ ಕೇಳಿದ್ದನ್ನು ಹೇಳಿದಳು. ಆ ಮನೆತನದವರಿಂದ ನನಗೆ ಬಂದದ್ದು ಅದು, ಅದನ್ನೇ ಬರೆಯುತ್ತೇನೆ. ಬೆಂಕಿ ಬೆಂಕಿಯೇ ಆಗಿತ್ತು. ಮನೆಯ ಮುಂದಿನ ಚಪ್ಪರ ಉರಿದು ಹೊಸ್ತಿಲ ಮೇಲೆ ಬಿದ್ದಿತ್ತು. ಶಿವಯೋಗಿಗಳು ಮೈ ಎಳೆದುಕೊಂಡು ಒಂದು ಮೊಳ ಒಳಗೆ ಸರಿದು ಕುಳಿತಿದ್ದರು. ಎರಡು ಪಾದವೂ ಸುಟ್ಟು ಬೊಬ್ಬೆ ಎದ್ದಿದ್ದವು. ಮೈಮೇಲಿನ ಕಂಬಳಿ ಇರಲಿಲ್ಲ. ಮೇಲ್ದುಟಿ ಸೀಳಿ ರಕ್ತ ಗಡ್ಡದಲ್ಲಿ ಒಣಗಿತ್ತು. ಧಾನ್ಯ ಎಲ್ಲಿ ಹೂತಿದ್ದಾರೆಂದು ಕೇಳಿ ಬಡಿದಿರಬೇಕು. ಆ ಹೊತ್ತು ಏನು ನಡೆಯಿತೆಂದು ಯಾರು ಕೇಳಿದರೂ ಅವರು ಲಿಂಗೈಕ್ಯರಾಗುವತನಕ ಹೇಳಲಿಲ್ಲ. ಇಷ್ಟು ಮಾತ್ರ ನಿಜ, ಅವರು ಆ ಮನೆ ಬಿಟ್ಟಿರಲಿಲ್ಲ.

ತಂಗೆವ್ವ ಅವರ ಮುಂದೆ ಮಂಡಿಯೂರಿದಳು. ಬದುಕಿದ್ದಾರೆಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೂಗಿನ ಹತ್ತಿರ ಬೆರಳು ಒಯ್ದಳು. ಶಿವಯೋಗಿಗಳು ಕಣ್ಣು ತೆರೆದರು.

“ಕೂಸು?”

“ಹಾಲ ಕುಡದೇತ್ರಿ. ಬಾಳವ್ವನೂ ಎದ್ದ ಕುಂತಾಳ. ಏಳ್ರಿ ಯಪ್ಪಾ, ಹೋಗೂನು.”

“ಆಕಿ ಇನ್ನೂ ಬಂದಿಲ್ಲ ತಂಗೆವ್ವ. ಹೊತ್ತ ಮುಣಗಿಲ್ಲಲ್ಲ ಇನ್ನ.” ಒಡೆದ ತುಟಿಯಿಂದ ಮಾತು ಮೆಲ್ಲಗೆ ಬರುತ್ತಿತ್ತು. “ನಿನಗ ಮಾತು ಕೊಟ್ಟೀನಿ. ನೀ ನಡಿ, ಜಟ್ಟೆಪ್ಪನ್ನ ಕರಕೊಂಡ ನಡಿ. ನಾ ನಾಳೆ ಬರತೀನಿ.”

ತಮಾಷೆಗೆ ಅಂದ ಮಾತಲ್ಲ ಅದು. ಅವರ ಬೆನ್ನ ಹಿಂದೆ ಒಳಕಲ್ಲಿನ ಮೇಲೆ ಹಾಳೆ ಇನ್ನೂ ಹಾಗೆಯೇ ಇತ್ತು, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಹೆಂಚಿನ ಚೂರು ಇಟ್ಟಿದ್ದರು. ಬಡಿತ ತಿಂದ ಮೇಲೆ ಎದ್ದು ಹೋಗಿ ಇಟ್ಟದ್ದೋ ಮೊದಲೇ ಇಟ್ಟದ್ದೋ ಅವಳು ಕೇಳಲಿಲ್ಲ. ಅವಳಿಗೆ ಒಮ್ಮೆಲೇ ಅಳು ಉಕ್ಕಿ ಬಂತು. ಮೂರು ವರ್ಷದಿಂದ ಹೊರಗೆ ಬಾರದಿದ್ದ ಅಳು, ಇಬ್ಬರು ಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟಾಗಲೂ ಹಲ್ಲು ಕಚ್ಚಿ ತಡೆದಿದ್ದ ಅಳು. ಜಟ್ಟೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಳುತ್ತಲೇ ಅವಳು ಗದರಿದಳು.

“ಆಕಿ ದೇವರ್ರೀ! ಕೂಸು ಎಲ್ಲೈತಿ ಅಂತ ಆಕಿಗೆ ಯಾರೂ ಹೇಳೂದ ಬ್ಯಾಡ. ನಾ ಹೇಳಾಕ ಹತ್ತೀನಿ, ಕೇಳ್ರಿ. ಆಕಿ ಎಲ್ಲಿದ್ರೂ ಬರತಾಳ. ನೀವು ಏಳ್ರಿ.”

ಶಿವಯೋಗಿಗಳು ಅವಳನ್ನು ನೋಡಿದರು. “ಖರೇನ?” ಎಂದು ಕೇಳಿದರು.

“ಖರೇರಿ.”

“ಹಂಗಾದ್ರ ಆತು” ಎಂದು ಕೈ ಚಾಚಿದರು.

ಏಳಲು ಆಗಲಿಲ್ಲ. ಸುಟ್ಟ ಪಾದ ನೆಲಕ್ಕೆ ಊರಿದೊಡನೆ ಮುಖ ಬಿಳಿಚಿತು. ಜಟ್ಟೆಪ್ಪ ಹೊರಲು ಮುಂದೆ ಬರುವಷ್ಟರಲ್ಲಿ ತಂಗೆವ್ವ ಬೆನ್ನು ಕೊಟ್ಟು ಬಾಗಿದ್ದಳು. ಹೆರಿಗೆಯ ಸೂತಕದ ಮನೆಯ ಹೆಂಗಸು, ವಿರಕ್ತ ಸ್ವಾಮಿಗಳು! ಆ ವಿಚಾರ ಅವಳಿಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಹೊಳೆಯವರೆಗೆ ಅರ್ಧ ದಾರಿ ಅವಳು ಹೊತ್ತಳು, ಅರ್ಧ ದಾರಿ ಜಟ್ಟೆಪ್ಪ ಹೊತ್ತ. ಹಿಂದಿನಿಂದ ಮತ್ತೆ ಕುದುರೆಗಳ ಸಪ್ಪಳ ಕೇಳಿಸುವ ಹೊತ್ತಿಗೆ ಹರಿಗೋಲು ನಡುನೀರು ದಾಟಿತ್ತು.

ತುಂಬರಗಿಯ ಆ ಕೊಟ್ಟಿಗೆಯ ಜಗಲಿಯ ಮೇಲೆ ಶಿವಯೋಗಿಗಳನ್ನು ಮಲಗಿಸಿದರು. ತಂಗೆವ್ವ ಅವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ತೊಳೆದ ಬೆಣ್ಣೆಯನ್ನು ಬೆರಳ ತುದಿಯಿಂದ ಬೊಬ್ಬೆ ಒಡೆಯದಂತೆ ಸವರುತ್ತಿದ್ದಳು. ಅವರಿಗೆ ಉರಿ ತಾಳದೆ ಕಾಲು ಅದುರಿದಾಗಲೆಲ್ಲ ಊದುತ್ತಿದ್ದಳು. ಸಂಜೆಯಾಯಿತು. ಒಳಗಿನಿಂದ ಮುದುಕಿ ಕೂಗಿದಳು.

“ತಂಗೆವ್ವ, ಬಾರಬೇ. ಸಟವಿ ದೀಪ ಹಚ್ಚೂ ಹೊತ್ತಾತು.”

ತಂಗೆವ್ವ ತಲೆ ಎತ್ತಲಿಲ್ಲ.

“ನೀವ ಯಾರರ ಹಚ್ಚಿರಿ. ನನ್ನ ಕೈ ಬಿಡುವಿಲ್ಲ” ಎಂದಳು.